ನಗು ಕೇಳಿಸಿತಂತೆ

ಮಾರ್ಚ್ 9, ಭಾನುವಾರ

ಆರು ವರ್ಷದಿಂದ ದಿನಚರಿ ಬರೆದಿರಲಿಲ್ಲ. ಇವತ್ತು ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ ಅನ್ನಿಸಿ ಈ ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. 

ಆದದ್ದನ್ನು ಆದ ಹಾಗೇ ಬರೆದಿಡುತ್ತೇನೆ, ಯಾಕೆಂದರೆ ಹೊರಗೆ ಯಾರೂ ಹಾಗೆ ಬರೆಯುತ್ತಿಲ್ಲ. ಶುಕ್ರವಾರ ಅಪ್ಪನ ತಿಥಿ. ಮನೆಯಲ್ಲಿ ಗಂಡುಮಕ್ಕಳಿಲ್ಲ, ಅಮ್ಮನೂ ಇಲ್ಲ. ಎಂಟು ವರ್ಷದಿಂದ ಜೋಂಜು ಊರಿನ ಈ ಮನೆಯಲ್ಲಿ ನಾನೇ ಎಡೆ ಇಡುತ್ತೇನೆ. ತಂಗಿ ಸೆಬೊಮ್ ಧಾರಾವಾಹಿಯ ಚಿತ್ರೀಕರಣ ಮುಗಿಸಿ ಸಿಯೋಲ್‌ನಿಂದ ತಾನೇ ಕಾರು ಓಡಿಸಿಕೊಂಡು ಬಂದಳು. ಅಪ್ಪನ ಪಟಕ್ಕೆ ಅಡ್ಡಬಿದ್ದಳು. ಎಡೆಯಿಂದ ಇಳಿಸಿದ ಅಕ್ಕಿ ಮದ್ಯವನ್ನು ನಾನು ಬಟ್ಟಲಿಗೆ ಹುಯ್ದೆ.

"ಬೇಡ ಅಕ್ಕ, ಬೆಳಿಗ್ಗೆ ಮುಖ ಊದ್ಕೊಳ್ಳುತ್ತೆ. ಕ್ಯಾಮೆರಾಮನ್ ಬೈತಾನೆ" ಅಂದಳು.

"ಅಪ್ಪನ ಎಡೆಯದ್ದು ಕಣೇ. ಮುಟ್ಟದೆ ಏಳ್ತೀಯಾ?" ಅಂದೆ. ಮೂರು ಬಟ್ಟಲು ಕುಡಿಸಿದೆ. ಹೇಗೂ ಇಲ್ಲೇ ಮಲಗುವವಳು, ಏನಂತೆ ಎಂದುಕೊಂಡೆ.

ಪಾತ್ರೆ ತೊಳೆಯುತ್ತಿದ್ದಾಗ ಅವಳಿಗೆ ಫೋನ್ ಬಂತು. ನಮ್ಮ ಕಟ್ಟಡದ ಮೊದಲನೇ ಮಹಡಿಯವನು, ಅವಳು ಕಾರಿನ ಗಾಜಿನಲ್ಲಿ ಬರೆದಿಟ್ಟ ನಂಬರು ನೋಡಿ ಮಾಡಿದ್ದ. ನಮ್ಮ ಅಂಗಳದಲ್ಲಿ ಜಾಗ ಸಾಲದು. ಇನ್ನೊಬ್ಬರ ಕಾರಿಗೆ ಅಡ್ಡ ನಿಲ್ಲಿಸಿದರೆ ಗೇರು ಬಿಡಿಸಿ ಬರಬೇಕು, ಬೇಕಾದವರು ತಳ್ಳಿಕೊಳ್ಳುತ್ತಾರೆ. ಇವಳು ಮರೆತು ಗೇರು ಹಾಕಿಯೇ ಬಂದಿದ್ದಳು. ನನ್ನ ಕೈಯೆಲ್ಲ ಸೋಪು. "ಎರಡು ಮಾರು ದೂರ, ಹೋಗಿ ತೆಗೆದು ಬಾ" ಅಂದವಳು ನಾನೇ.

ಎರಡು ಮಾರಿನೊಳಗೆ ಮೂರನೇ ಮಹಡಿಯ ಗ್ಯುರಿಯ ಅಮ್ಮನ ಕಾರಿನ ಬಾಗಿಲು ಗೀರಿತು. ಮೊದಲನೇ ಮಹಡಿಯವನು ಇವಳ ಉಸಿರಿನ ವಾಸನೆ ಹಿಡಿದ, ಮುಖ ಗುರುತಿಸಿದ, ಪೊಲೀಸರಿಗೆ ಹೇಳಿದ. ಅವರು ಬರುವ ತನಕ ಫೋನಿನಲ್ಲಿ ಚಿತ್ರ ತೆಗೆಯುತ್ತಾ ನಿಂತಿದ್ದ. ಬೆಳಗಾಗುವಷ್ಟರಲ್ಲಿ ಇಡೀ ದೇಶ ನೋಡಿತ್ತು.

ನನಗೆ ಭಯ. ಯಾವುದರ ಭಯ ಎಂದು ಬರೆಯಲೂ ಭಯ. ಮೂರು ವರ್ಷದ ಹಿಂದೆ ಇವಳ ಜೊತೆ ನಟಿಸುತ್ತಿದ್ದ ಹುಡುಗಿಯೊಬ್ಬಳು ಹೀಗೇ ಮಾತಿಗೆ ಸಿಕ್ಕಿ ಬಾಗಿಲು ಹಾಕಿಕೊಂಡವಳು ಮತ್ತೆ ತೆಗೆಯಲಿಲ್ಲ. ಅವಳನ್ನು ದಿನಾ ಬೈದು ಬರೆಯುತ್ತಿದ್ದವರೇ ಮಾರನೆಯ ದಿನ, ಸತ್ತವರಿಗೆ ಇಡುವ ಬಿಳಿ ಸೇವಂತಿಗೆಯ ಚಿತ್ರ ಹಾಕಿದರು. ಸೆಬೊಮ್ ಒಳಗಿನ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಉಸಿರಾಡುತ್ತಿದ್ದಾಳಾ ಎಂದು ನಾಲ್ಕು ಸಲ ಹೋಗಿ ನೋಡಿ ಬಂದೆ.

ಮಾರ್ಚ್ 11, ಮಂಗಳವಾರ

ಇವತ್ತು ಜನರ ಮುಂದೆ ಹಾಕುವ ಕ್ಷಮಾಪಣೆ ಪತ್ರ. ಅವಳ ಕಂಪನಿಯ ಮ್ಯಾನೇಜರ್ ಬ್ಯೋನ್ ಫೋನಿನಲ್ಲೇ ಪಾಠ ಮಾಡಿದ.

"ಕೈಯಲ್ಲೇ ಬರೀಬೇಕು ಅಕ್ಕ. ಬಿಳಿ ಹಾಳೆ, ಕಪ್ಪು ಪೆನ್ನು. ಅಂಚಲ್ಲಿ ಹೂವು ಗೀವು ಇರೋ ಹಾಳೆ ಬೇಡ. ಮುಖ್ಯವಾಗಿ ಕಾರಣ ಬರೀಬಾರದು."

"ಕಾರಣ ಇದೆಯಲ್ಲಪ್ಪಾ. ತಿಥಿ ಇತ್ತು, ಎಡೆಯ ಮದ್ಯ, ಕಾರು ಎರಡು ಮಾರು..."

"ಅದನ್ನೇ ಬೇಡ ಅಂತಿರೋದು. ಕಾರಣ ಬರೆದ್ರೆ ನೆಪ ಅಂತಾರೆ. ಅಪ್ಪನ ತಿಥಿ ಅಂದ್ರೆ ಸತ್ತೋರನ್ನ ಮುಂದೆ ಬಿಟ್ಕೊಂಡು ಹಿಂದೆ ಅಡಗಿದ್ಲು ಅಂತಾರೆ. ಆಮೇಲೆ ನಮಗೆ ಉಳಿಗಾಲ ಇಲ್ಲ."

ಶಾಲಾ ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಆದ್ದರಿಂದ ನಾನೇ ಕೂತೆ. ಅವಳು ಬರೆದಳು, ನಾನು ಹೊಡೆದುಹಾಕಿದೆ. ಅಪ್ಪನನ್ನು ಹೊಡೆದುಹಾಕಿದೆ. ಮದ್ಯದ ಬಟ್ಟಲು, ಗೇರು, ಎರಡು ಮಾರು, ಎಲ್ಲ ಹೋದವು. ಅಕ್ಕ ಹೇಳಿದಳು ಎಂಬ ಮಾತು ಅವಳು ಬರೆದೇ ಇರಲಿಲ್ಲ, ಅದನ್ನು ಹೊಡೆಯುವ ಕೆಲಸ ತಪ್ಪಿತು. ಏಳನೇ ಪ್ರತಿಯಲ್ಲಿ ಬರೀ ತಪ್ಪು ಉಳಿದಿತ್ತು, ಅದು ಯಾಕೆ ಹೇಗೆ ಆಯಿತೆಂಬುದು ಇರಲಿಲ್ಲ. ಓದಿದರೆ ಯಾರೋ ಕುಡಿದು ಬೀದಿಬೀದಿ ತಿರುಗುವವಳ ಪತ್ರದ ಹಾಗಿತ್ತು.

"ಇದು ನಾನಾ?" ಅಂದಳು.

"ಸಹಿ ಹಾಕು" ಅಂದೆ.

ಮಾರ್ಚ್ 12, ಬುಧವಾರ

ಪತ್ರ ಓದಿದವರು ಅಂತರ್ಜಾಲದಲ್ಲಿ ಬರೆಯುತ್ತಿದ್ದಾರೆ. ಅಕ್ಷರ ನೆಟ್ಟಗಿದೆಯಂತೆ. ನಿಜವಾಗಿ ಪಶ್ಚಾತ್ತಾಪ ಇದ್ದವರ ಕೈ ನಡುಗುತ್ತದಂತೆ. ಎಲ್ಲಿ ಕುಡಿದಳು, ಯಾರ ಜೊತೆ ಕುಡಿದಳು ಎಂದು ಬರೆದೇ ಇಲ್ಲ, ಮುಚ್ಚಿಡುತ್ತಿದ್ದಾಳಂತೆ.

ಕಾರಣ ಹೇಳಿದರೆ ನೆಪ ಅನ್ನುವವರೂ ನೀವೇ, ಬಗೆದು ಕೇಳುವವರೂ ನೀವೇ. ನಾಚಿಕೆಗೆಟ್ಟ ಜನ.

ಮಾರ್ಚ್ 15, ಶನಿವಾರ

ಸಂಜೆ ಧಾರಾವಾಹಿ ಬಂತು. ಅವಳನ್ನು ತೆಗೆದುಹಾಕಿದ್ದಾರೆ. ಊಟದ ಮೇಜಿನ ದೃಶ್ಯ ಇತ್ತಲ್ಲ, ಅದರಲ್ಲಿ ಐದು ಜನ. ನಾಲ್ಕು ಜನರ ಮುಖ ಸರಿಯಾಗಿದೆ, ಐದನೆಯ ಕುರ್ಚಿಯಲ್ಲಿ ಅವಳನ್ನು ಮಸುಕು ಮಾಡಿ ಬರೀ ಮಂಜು. ತಾಯಿ ಪಾತ್ರದವರು ಆ ಮಂಜಿಗೆ ಸೂಪು ಬಡಿಸಿ "ಬಿಸಿ ಇದೆ, ಊದಿಕೊಂಡು ತಿನ್ನು" ಎಂದರು. ಮಂಜು ಉತ್ತರ ಕೊಡಲಿಲ್ಲ. ಅವಳ ದನಿಯನ್ನೂ ಅಳಿಸಿದ್ದರು.

ಸೆಬೊಮ್ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು, ನಾನು ಗಮನಿಸಿರಲಿಲ್ಲ. "ಆ ಸೀನಲ್ಲಿ ನಾನು ಚೆನ್ನಾಗಿ ಮಾಡಿದ್ದೆ" ಅಂದಳು, ಅಷ್ಟೇ. ಒಳಗೆ ಹೋದಳು. 

ನಮ್ಮ ಬೀದಿಯ ಔಷಧಿ ಅಂಗಡಿ ಮುಂದೆ ಅವಳ ಆಳೆತ್ತರದ ರಟ್ಟಿನ ಬೊಂಬೆ ಇತ್ತು, ವಿಟಮಿನ್ ಡಬ್ಬಿ ಹಿಡಿದುಕೊಂಡದ್ದು. ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದಾರೆ. ನಾನು ಹೋದಾಗ ಅಂಗಡಿಯವರು ಮಾತ್ರೆ ಕೊಟ್ಟರು, ಕಣ್ಣೆತ್ತಿ ಮಾತ್ರ ನೋಡಲಿಲ್ಲ. ಪ್ರತಿ ಸಲ "ತಂಗಿ ಕೈಲಿ ಒಂದು ಸಹಿ ಹಾಕಿಸಿ ಕೊಡ್ರೀ" ಅನ್ನುತ್ತಿದ್ದವರು.

ಮಾರ್ಚ್ 17, ಸೋಮವಾರ

ನಾನೂ ಒಂದು ಹೆಸರು ಮಾಡಿಕೊಂಡೆ. ಅಂತರ್ಜಾಲದ ಸುದ್ದಿ ಪುಟದ ಕೆಳಗೆ ಕಾಮೆಂಟ್ ಬರೆಯಬೇಕಾದರೆ ಅಡ್ಡಹೆಸರು ಬೇಕು. ಅಡುಗೆಮನೆಯಲ್ಲಿ ಕಾಳಿನ ಮೊಳಕೆ ಸೋಸುತ್ತಿದ್ದೆ, "ಮೊಳಕೆಕಾಳು" ಎಂದು ಇಟ್ಟುಕೊಂಡೆ. "ತಪ್ಪು ಮಾಡಿದಾಳೆ, ಒಪ್ಪಿಕೊಂಡೂ ಇದಾಳೆ. ಒಳ್ಳೇ ಹುಡುಗಿ, ಸಾಕು ಬಿಡಿ" ಎಂದು ಬರೆದೆ.

ಒಂದು ನಿಮಿಷದಲ್ಲಿ ಉತ್ತರ ಬಂತು: "ಅವಳ ಅಕ್ಕನಾ ನೀನು?"

ಫೋನ್ ಕೈಯಿಂದ ಬಿತ್ತು. ನೋಡುತ್ತಿದ್ದಾರಾ? ಹೇಗೆ ಗೊತ್ತಾಯಿತು? ಅರ್ಧ ಗಂಟೆ ಫೋನ್ ಮುಟ್ಟಲಿಲ್ಲ. ಆಮೇಲೆ ಬ್ಯೋನ್‌ನನ್ನು ಬೇರೇನೋ ಕೇಳುವವಳಂತೆ ಕೇಳಿದೆ. ಯಾರು ಪರವಾಗಿ ಬರೆದರೂ ಅಕ್ಕನಾ, ಅಮ್ಮನಾ, ಕಂಪನಿಯವನಾ ಎಂದೇ ಕೇಳುತ್ತಾರಂತೆ. ಅದು ಅವರ ಮಾಮೂಲಿ ಕುಹಕವಂತೆ. 

ಮಾರ್ಚ್ 20, ಗುರುವಾರ

ಗ್ಯುರಿಯ ಅಮ್ಮ ಮೇಲೆ ಬಂದಿದ್ದರು, ಕೈಯಲ್ಲಿ ಸೊಪ್ಪಿನ ಪಲ್ಯದ ಡಬ್ಬಿ. ಸೆಬೊಮ್ ಹೊರಬಂದು ನೆಲಕ್ಕೆ ಮಂಡಿಯೂರಿ ಬಗ್ಗಿದಳು.

"ಏಳಮ್ಮಾ, ಏಳು. ಬಾಗಿಲಿಗೆ ಒಂದು ಗೀರು ಬಿದ್ದಿದ್ದಕ್ಕೆ ಇಷ್ಟಾ? ನಮ್ಮನೆಯವ್ರು ಅದೇ ಬಾಗಿಲನ್ನ ಕಂಬಕ್ಕೆ ಎರಡು ಸಲ ಗುದ್ದಿದಾರೆ, ಇವತ್ತಿಗೂ ನಂಗೆ ಸಾರಿ ಅಂದಿಲ್ಲ."

ಸೆಬೊಮ್ ತುಟಿ ಸ್ವಲ್ಪ ಅಲುಗಿತು. ಹದಿಮೂರು ದಿನಕ್ಕೆ ಮೊದಲ ಸಲ ಅನ್ನ ತಿಂದಳು, ಅರ್ಧ ಬಟ್ಟಲು. ಗ್ಯುರಿಯ ಅಮ್ಮನಿಗೆ ನೂರು ವರ್ಷ ಆಯಸ್ಸಿರಲಿ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆದರೂ ಅರ್ಧ ಗಂಟೆಗೊಂದು ನೆಪ ಮಾಡಿಕೊಂಡು ಅವಳ ಕೋಣೆಗೆ ಹೋಗುವುದನ್ನು ಬಿಟ್ಟಿಲ್ಲ. ಟವೆಲ್ ಕೊಡಲು, ಟವೆಲ್ ತೆಗೆದುಕೊಳ್ಳಲು. "ಅಕ್ಕ, ಈ ಮನೇಲಿ ಎಷ್ಟು ಟವೆಲ್ ಇದಾವೆ?" ಎಂದು ಕೇಳಿದಳು.

ಮಾರ್ಚ್ 22, ಶನಿವಾರ

ಈಗ ಉಪಾಯ ಗೊತ್ತಾಗಿದೆ. ಮೊದಲು ಬೈಯಬೇಕು, ಆಮೇಲೆ ಪರ ವಹಿಸಬೇಕು. ಆಗ ಅಕ್ಕನಾ ಎಂದು ಯಾರೂ ಕೇಳುವುದಿಲ್ಲ. "ಕುಡಿದು ಸ್ಟೇರಿಂಗ್ ಹಿಡಿಯೋರಿಗೆ ನಾಚಿಕೆ ಇರಬೇಕು. ಆದ್ರೂ ಎರಡು ವಾರ ಆಯ್ತು, ಈಗ ಬಿಡೋಣ" ಎಂದು ಬರೆದೆ. ಅರವತ್ತಾರು ಜನ ಮೆಚ್ಚಿದರು. ಕೆಳಗೆ ಒಬ್ಬರು "ಮೊದಲನೇ ಸಾಲು ಸರಿ, ಎರಡನೇದು ಯಾಕೆ?" ಎಂದಿದ್ದಾರೆ.

ಒಂದು ರೀತಿಯಲ್ಲಿ ಸರಿಯೇ. ಕರಡು ತಿದ್ದುವವಳಾಗಿ ನೋಡಿದರೆ ಎರಡನೆಯ ಸಾಲು ಸಡಿಲವಾಗಿತ್ತು.

ಮಾರ್ಚ್ 26, ಬುಧವಾರ

ಇವಳಿಗೆ ಎಷ್ಟು ಹೇಳಿದರೂ ಅಷ್ಟೇ. ಇವತ್ತು ಹಳದಿ ಸ್ವೆಟರ್ ಹಾಕಿಕೊಂಡು ಬಾಲ್ಕನಿಗೆ ಬಟ್ಟೆ ಒಣಹಾಕಲು ಹೋಗಿದ್ದಳು. ಎದುರು ಕಟ್ಟಡದಲ್ಲಿ ಎಪ್ಪತ್ತು ಕಿಟಕಿಗಳಿವೆ. ಪಶ್ಚಾತ್ತಾಪದಲ್ಲಿ ಇರುವವಳು ಹಳದಿ ಹಾಕುತ್ತಾಳಾ? ಬೂದು ಬಣ್ಣದ್ದು ಕೊಟ್ಟು ಬದಲಾಯಿಸಿಕೊಳ್ಳಲು ಹೇಳಿದೆ. ತುಟಿಗೆ ಏನೋ ಹಚ್ಚಿದ್ದಳು, ಒರೆಸಿಸಿದೆ.

"ಒಡೆದಿದೆ ಅಕ್ಕ, ಮುಲಾಮು ಅದು."

"ಹೊಳೀತಾ ಇದೆ."

 "ಕಾಮೆಂಟ್ ಓದ್ಬೇಡ ಅಂತ ನನ್ನ ಫೋನ್ ಕಿತ್ಕೊಂಡೆ. ಈಗ ನೀನೇ ದಿನಾ ಓದಿ ಹೇಳ್ತಿದ್ದೀಯಲ್ಲ" ಅಂದಳು.

ತಮಾಷೆಗೆ ಅಂದಳು ಅನ್ನಿಸುತ್ತದೆ. ನಾನು ಒಂದೇ ಒಂದು ಕಾಮೆಂಟನ್ನೂ ಅವಳಿಗೆ ಓದಿ ಹೇಳಿಲ್ಲ.

ಮಾರ್ಚ್ 30, ಭಾನುವಾರ

ಮಧ್ಯಾಹ್ನ ಗ್ಯುರಿಯ ಅಮ್ಮ ಹಿಟ್ಟು ಚಿವುಟಿ ಹಾಕಿದ ಸೂಪು ಮಾಡಿಕೊಂಡು ಬಂದರು, ದೊಡ್ಡ ಪಾತ್ರೆ ತುಂಬ. ಮೂವರೂ ನೆಲದ ಮೇಲೆ ಕೂತು ತಿಂದೆವು. ಅವರು ತಮ್ಮ ಅತ್ತೆಯ ಕಥೆ ತೆಗೆದರು. ಅತ್ತೆಗೆ ಕಿವಿ ಕೇಳಿಸುವುದಿಲ್ಲ, ಟೀವಿ ಜೋರಾಗಿ ಇಟ್ಟುಕೊಂಡು ಸೆಬೊಮ್ ಧಾರಾವಾಹಿ ನೋಡುತ್ತಾರಂತೆ. ಹೋದ ವಾರ ಆ ಮಂಜನ್ನು ನೋಡಿ ಟೀವಿಯ ಗಾಜನ್ನು ಒದ್ದೆ ಬಟ್ಟೆ ತಂದು ಮೂರು ಸಲ ಒರೆಸಿದರಂತೆ. "ಈ ಹುಡುಗಿ ಮುಖದ ಮೇಲೆ ಮಾತ್ರ ಕೊಳೆ ಹೋಗ್ತಿಲ್ವಲ್ಲೇ, ಎಂಥ ಟೀವಿ ತಂದಿದಾನೆ ನನ್ನ ಮಗ" ಎಂದು ಸೊಸೆಗೆ ಬೈದರಂತೆ.

ಸೆಬೊಮ್ ನಕ್ಕಳು. ಮೂಗಿನಿಂದ ಸೂಪು ಬರುವ ಹಾಗೆ, ನೆಲ ತಟ್ಟಿ ತಟ್ಟಿ ನಕ್ಕಳು. ಗ್ಯುರಿಯ ಅಮ್ಮ ತಮ್ಮ ಅಂಗಡಿ ತೆಗೆಯುವ ಹೊತ್ತಾಯಿತೆಂದು ಎದ್ದು ಹೋದ ಮೇಲೂ ನಗುತ್ತಲೇ ಇದ್ದಳು. ಇನ್ನೂ ಹಸಿವು ಅಂದಳು, ಇನ್ನೊಂದು ಬಟ್ಟಲು ಬಡಿಸಿದೆ, ಅದನ್ನೂ ಖಾಲಿ ಮಾಡಿದಳು.

ನನಗೆ ಖುಷಿಯಾಗಬೇಕಿತ್ತು. ಬದಲಿಗೆ ಗೋಡೆಗಳತ್ತ ನೋಡಿದೆ. ಈ ಗೋಡೆಗಳೋ, ಪಕ್ಕದ ಮನೆಯವರು ಕೆಮ್ಮಿದರೂ ಕೇಳಿಸುತ್ತದೆ. ಮೊದಲನೇ ಮಹಡಿಯವನು ಮನೆಯಲ್ಲೇ ಇದ್ದ, ಅವನ ಕಾರು ಕೆಳಗಿತ್ತು. ಇಪ್ಪತ್ಮೂರು ದಿನಕ್ಕೇ ನಗುವಾ? ನಾನು ಇಷ್ಟು ದಿನ ಕಾಪಾಡಿದ್ದು ಇದಕ್ಕಾ?

ಅನ್ನುವವರು ಹೇಗೂ ಅಂದೇ ಅನ್ನುತ್ತಾರೆ. ನಾನೇ ಮೊದಲು ಮೆತ್ತಗೆ ಅಂದುಬಿಟ್ಟರೆ, ನಾಳೆ ಯಾರಾದರೂ ಅಂದಾಗ ಅದು ಹಳೇ ಸುದ್ದಿಯಾಗಿರುತ್ತದೆ. ಹಾಗೆ ಯೋಚಿಸಿ ಬರೆದೆ: "ಪಶ್ಚಾತ್ತಾಪದಲ್ಲಿರೋರು ಎರಡೆರಡು ಬಟ್ಟಲು ಸೂಪು ಬಾರಿಸಿ ಬಿದ್ದು ಬಿದ್ದು ನಗ್ತಾರಾ? ಆ ಕಟ್ಟಡದವರಿಗೆಲ್ಲ ಕೇಳಿಸಿತಂತೆ." ಕೆಳಗೆ "ಅವಳೂ ಮನುಷ್ಯಳೇ ಅಲ್ವಾ, ಎಷ್ಟು ದಿನ ಅಂತ ಅಳ್ತಾಳೆ" ಎಂದು ಸೇರಿಸುವುದಿತ್ತು. ಅಷ್ಟರಲ್ಲಿ ನಲವತ್ತು ಜನ ಮೆಚ್ಚಿಬಿಟ್ಟಿದ್ದರು. ಈಗ ಸೇರಿಸಿದರೆ ತಿದ್ದಿದ್ದು ಗೊತ್ತಾಗುತ್ತದೆ. ಇರಲಿ ಎಂದು ಬಿಟ್ಟೆ.

ಏಪ್ರಿಲ್ 1, ಮಂಗಳವಾರ

ಸುದ್ದಿಯಾಗಿದೆ. "ಪಶ್ಚಾತ್ತಾಪವೋ, ರಜೆಯೋ? ಪ್ಯೋ ಸೆಬೊಮ್ ಮನೆಯಿಂದ ನಗು, ನೆರೆಯವರ ಬೇಸರ." ಯಾವ ನೆರೆಯವರು? ಯಾರನ್ನು ಕೇಳಿದರು? ನಾನು ಬರೆದ ಎರಡು ಸಾಲಿನ ಮೇಲೆ ಒಂದು ಪುಟ ಕಟ್ಟಿದ್ದಾರೆ. ಮೆಚ್ಚಿದವರು ಎರಡು ಸಾವಿರ ದಾಟಿದ್ದಾರೆ. ಬೇರೆ ಹನ್ನೊಂದು ಕಡೆ ಅದನ್ನೇ ನಕಲು ಮಾಡಿದ್ದಾರೆ.

ಬ್ಯೋನ್ ಫೋನಿನಲ್ಲಿ ಉಗಿದ. "ಬೇಸಿಗೆ ಕಳೆದ ಮೇಲೆ ಒಂದು ಸಣ್ಣ ಪಾತ್ರಕ್ಕೆ ಮಾತಾಡ್ತಿದ್ದೆ ಅಕ್ಕ. ಮುಗೀತು ಅದು. ಒಬ್ರು ನಗೋದನ್ನ ಇನ್ನೊಬ್ರು ನಿಲ್ಲಿಸೋಕಾಗಲ್ವಾ?"

ನಾನು ನಿಲ್ಲಿಸಲು ನೋಡಿದೆ. ಬರೆದದ್ದೇ ಅದಕ್ಕೆ.

ಏಪ್ರಿಲ್ 2, ಬುಧವಾರ

ಸಾಲನ್ನು ಅಳಿಸಿದೆ. ಈಗ "ಅಳಿಸಿದ್ದಾರೆ ಅಂದ್ರೆ ನಿಜ, ಕಂಪನಿ ಹೆದರಿಸಿದೆ" ಅನ್ನುತ್ತಿದ್ದಾರೆ. ಆ ಸಾಲಿನ ಚಿತ್ರ ತೆಗೆದಿಟ್ಟುಕೊಂಡವರು ಅದನ್ನೇ ಮತ್ತೆ ಹಾಕುತ್ತಿದ್ದಾರೆ.

ಸೆಬೊಮ್‌ಗೆ ಗೊತ್ತಾಗಿದೆ. ಬ್ಯೋನ್ ನಮ್ಮ ಮನೆಯ ಫೋನಿಗೇ ಮಾಡಿ ಅವಳಿಗೆ ಓದಿ ಹೇಳಿದನಂತೆ. ಅವಳು ಕೂಗಾಡಲಿಲ್ಲ. ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: "ಅಕ್ಕ, ಇದನ್ನ ಬರೆದೋರು ದೂರದೋರಲ್ಲ. ಎರಡು ಬಟ್ಟಲು ಅಂತ ಬರ್ದಿದಾರೆ. ಇಲ್ಲೇ ಎಲ್ಲೋ ಇದಾರೆ. ನಂಗೆ ಭಯ ಆಗ್ತಿದೆ."

ನಾನು ಏನನ್ನಬೇಕಿತ್ತು? "ಗ್ಯುರಿಯ ಅಮ್ಮನಿಗೆ ಬಾಯಿ ನಿಲ್ಲೋದಿಲ್ಲ" ಅಂದೆ. ಅವರೇ ಬರೆದರು ಎಂದೇನೂ ನಾನು ಹೇಳಲಿಲ್ಲ.

ಏಪ್ರಿಲ್ 3, ಗುರುವಾರ

ಗ್ಯುರಿಯ ಅಮ್ಮ ಬಂದು ಗಂಟೆ ಒತ್ತಿದರು. ನಾವಿಬ್ಬರೂ ಬಾಗಿಲು ತೆಗೆಯದೆ ಒಳಗೆ ಕೂತೆವು. "ಸೆಬೊಮ್, ನಾನಮ್ಮಾ. ಪೇಪರಲ್ಲಿ ಬಂದಿದ್ದು ನೋಡ್ದೆ. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಕಣಮ್ಮಾ" ಎಂದು ಬಾಗಿಲಿಗೆ ಹೇಳಿದರು. ಆಮೇಲೆ ಮೆಟ್ಟಿಲಿಳಿದು ಹೋದರು.

ಸೆಬೊಮ್ ಈಗ ಮನೆಯಲ್ಲಿ ತುದಿಗಾಲಲ್ಲಿ ಓಡಾಡುತ್ತಾಳೆ. ನಲ್ಲಿ ಪೂರ್ತಿ ತಿರುಗಿಸುವುದಿಲ್ಲ. ಸೀನು ಬಂದರೆ ದಿಂಬಿಗೆ ಮುಖ ಒತ್ತುತ್ತಾಳೆ. ಊಟ ಮತ್ತೆ ನಿಂತಿದೆ. ಇವತ್ತಿಡೀ ಅವಳಾಡಿದ್ದು ಒಂದೇ ಮಾತು: "ಅಕ್ಕ, ಸೂಪು ತಿಂದ ದಿನ ಗ್ಯುರಿಯ ಅಮ್ಮ ಎಷ್ಟು ಹೊತ್ತಿಗೆ ಹೋದ್ರು?"

"ನೆನಪಿಲ್ಲ" ಅಂದೆ.

ಏಪ್ರಿಲ್ 5, ಶನಿವಾರ

ಇದನ್ನು ಬರೆಯುವಾಗ ಮಧ್ಯಾಹ್ನ ನಾಲ್ಕು ಗಂಟೆ. ಅವಳು ಬದುಕಿದ್ದಾಳೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಬೆಳಿಗ್ಗೆ ತರಕಾರಿಗೆ ಹೋಗಿ ಬಂದಾಗ ಅವಳ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ತಟ್ಟಿದೆ. ಕರೆದೆ. ಉತ್ತರವಿಲ್ಲ. ಕಿವಿ ಇಟ್ಟೆ, ಏನೂ ಇಲ್ಲ. ಹೆಗಲು ಕೊಟ್ಟು ತಳ್ಳಿದೆ, ಜಗ್ಗಲಿಲ್ಲ. ಬೀಗದವನಿಗೆ ಫೋನ್ ಮಾಡಿದರೆ ಶನಿವಾರ, ಇಪ್ಪತ್ತು ನಿಮಿಷ ಆಗುತ್ತದೆ ಅಂದ. ಇಪ್ಪತ್ತು ನಿಮಿಷದಲ್ಲಿ ಏನೇನಾಗಬಹುದೆಂದು ನನಗೆ ಗೊತ್ತು. ಆ ಹುಡುಗಿಯ ಬಿಳಿ ಸೇವಂತಿಗೆಗಳು ಕಣ್ಣಿಗೆ ಕಟ್ಟಿದವು. ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದೆ.

"ಸೆಬೊಮ್, ಬಾಗಿಲು ತೆಗಿಯೇ. ಗ್ಯುರಿಯ ಅಮ್ಮ ಅಲ್ಲ ಬರ್ದಿದ್ದು. ನಾನು. ಮೊಳಕೆಕಾಳು ಅಂತ ಹೆಸರು ಇಟ್ಕೊಂಡು ನಾನೇ ಬರ್ದೆ. ನಿನಗೆ ಒಳ್ಳೇದಾಗ್ಲಿ ಅಂತ ಬರ್ದೆ ಕಣೇ. ಬಾಗಿಲು ತೆಗಿ, ಏನು ಬೇಕಾದ್ರೂ ಅನ್ನು, ಹೊಡಿ, ಬಾಗಿಲು ತೆಗಿ."

ಚಿಲಕ ಸರಿಯಿತು. ಅವಳು ನಿಂತಿದ್ದಳು. ಹಾಸಿಗೆ ಮಡಿಚಿತ್ತು, ಬಟ್ಟೆಯ ಚೀಲ ಕಟ್ಟಿತ್ತು.

"ಗೊತ್ತು" ಅಂದಳು. "ಎರಡನೇ ಬಟ್ಟಲು ಗ್ಯುರಿಯ ಅಮ್ಮ ನೋಡೇ ಇಲ್ಲ. ಅವರು ಹೋದ್ಮೇಲೆ ನೀನು ಬಡಿಸಿದ್ದು. ಮೂರು ದಿನದಿಂದ ಲೆಕ್ಕ ಹಾಕ್ತಿದೀನಿ. ಬೇರೆ ಯಾರಾದ್ರೂ ಆಗ್ಲಪ್ಪಾ ಅಂತ ಎಷ್ಟು ಹಾಕಿದ್ರೂ ಅಲ್ಲಿಗೇ ಬರ್ತಿತ್ತು."

"ನಾನು ನಿನ್ನ ಕಾಪಾಡೋಕೆ..."

"ಹೊರಗಿನೋರು ಎಷ್ಟು ಬೈದ್ರೂ ನಾನು ಈ ಮನೇಲಿದೀನಿ ಅಂದ್ಕೊಂಡು ಮಲಗ್ತಿದ್ದೆ ಅಕ್ಕ. ನಾನು ನಕ್ಕಿದ್ದು ಈ ಮನೇಲಿ."

ಚೀಲ ಹಿಡಿದು ನನ್ನನ್ನು ದಾಟಿಕೊಂಡು ಹೋದಳು. ಚಪ್ಪಲಿ ಹಾಕಲಿಲ್ಲ. ಬಾಗಿಲು ತೆರೆದೇ ಬಿಟ್ಟು ಮೆಟ್ಟಿಲಿಳಿದಳು. ನಾನು ಹಿಂದೆ ಓಡಿದೆ. ಮೆಟ್ಟಿಲ ಅರ್ಧಕ್ಕೆ ನಿಂತುಬಿಟ್ಟೆ. ಕೆಳಗೆ ಗ್ಯುರಿಯ ಅಮ್ಮನ ಮನೆ ಗಂಟೆ ಹೊಡೆದದ್ದು, ಬಾಗಿಲು ತೆಗೆದದ್ದು, "ಅಯ್ಯೋ ಮಗಳೇ, ಬರಿಗಾಲಲ್ಲಿ ಬಂದಿದೀಯಲ್ಲ" ಅಂದದ್ದು ಕೇಳಿಸಿತು. ಆಮೇಲೆ ಸೆಬೊಮ್ ಅಳುವುದು. ಬಾಯಿ ತೆರೆದು, ಗಂಟಲು ಹರಿಯುವ ಹಾಗೆ. ಅಪ್ಪ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ. "ಅಳು, ಜೋರಾಗೇ ಅಳು, ಯಾರು ಬೇಕಾದ್ರೂ ಕೇಳಿಸ್ಕೊಳ್ಳಲಿ" ಅನ್ನುತ್ತಿದ್ದರು ಅವರು.

ಬದುಕಿದ್ದಾಳೆ, ಸದ್ಯ, ಎಂದು ಕಂಬಿ ಹಿಡಿದು ನಿಂತೆ. ಕಣ್ಣೀರು ಸುರಿಯುತ್ತಿತ್ತು. ಅವಳ ಅಳು ನಿಲ್ಲಲಿಲ್ಲ, ಮೇಲೆ ಕೆಳಗೆ ಎಲ್ಲ ಮಹಡಿಗೂ ಹಬ್ಬುತ್ತಿತ್ತು. ಮೆಟ್ಟಿಲ ತಿರುವಿನ ಕಿಟಕಿ ಅಂಗಳದ ಕಡೆಗೆ ತೆರೆದಿತ್ತು. ಮೊದಲನೇ ಮಹಡಿಯವನು ಕೆಳಗೆ ಕಾರು ತೊಳೆಯುತ್ತಿದ್ದ. ನಾನು ಸದ್ದಾಗದ ಹಾಗೆ ಮೂರು ಮೆಟ್ಟಿಲು ಇಳಿದು ಕಿಟಕಿ ಮುಚ್ಚಿದೆ.